ಹೊಟ್ಟೆ ಕೆಟ್ಟರೆ ಮೊದಲು ನೀರು ನೋಡಿ

2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲೂ ಅದೇ ಕಥೆ, ಒಂದು ಮಗು ತೀರಿಕೊಂಡಿತು. ನೀರು ದಿನ ಬಿಟ್ಟು ದಿನ ಬರುವ ಕಡೆ ಖಾಲಿ ಪೈಪು ಬಿರುಕಿನಿಂದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬರುವ ನೀರನ್ನು ಹರಿಯಬಿಡಿ, ಕುಡಿಯುವುದನ್ನು ಕುದಿಸಿ. ತಿಳಿಯಾಗಿ ಕಂಡರೂ ನಂಬಬೇಡಿ.

ಭೇದಿಯಲ್ಲಿ ಜೀವಕ್ಕೆ ಕುತ್ತು ತರುವುದು ಮೈಯ ನೀರು-ಉಪ್ಪು ಬತ್ತುವುದು. ಓಆರ್‌ಎಸ್ ಪೊಟ್ಟಣವನ್ನು, ಅದರ ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿ ಸುರಿಯಿರಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾದ್ದು. ಮಗು ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಭೇದಿ ಕಟ್ಟುವ ಗುಳಿಗೆಯನ್ನು ಮಕ್ಕಳಿಗೆ ನೀವೇ ಕೊಡಲೇಬೇಡಿ. ಹಿರಿಯರು ಗಂಜಿ, ಮಜ್ಜಿಗೆ ಕೊಡಿ ಅಂದರೆ ಕೇಳಿ, ಉಪವಾಸ ಕೆಡವಿ ಅಂದರೆ ಮಾತ್ರ ಬೇಡ.

ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಾನ್ವಿ, ದೇವದುರ್ಗದವರು ತಾಲ್ಲೂಕು ಆಸ್ಪತ್ರೆಗೆ, ರಾಯಚೂರು ನಗರದವರು ರಿಮ್ಸ್ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲವೆಂದರೆ 108 ಆಂಬುಲೆನ್ಸ್ ಇದೆ.

ಇನ್ನು ಎದೆಯುರಿ. ರಾತ್ರಿ ಮಿರ್ಚಿ ಭಜಿ ತಿಂದು ಹಾಗೇ ಮಲಗುವವರಿಗೆ ಅದು ಬಿಡದು. ಊಟವಾಗಿ ಎರಡು ಮೂರು ತಾಸು ಬಿಟ್ಟು ಮಲಗಿ. ಆದರೆ ಎದೆ ಹಿಂಡಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಇಳಿದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ಇಸಿಜಿ ಮಾಡಿಸಿ.