ತಂತ್ರಾಂಶದ ಪರಿಷ್ಕರಣ ಮತ್ತು ದೋಷಪರೀಕ್ಷೆ

ಮುದ್ರಿತ ಗ್ರಂಥದಲ್ಲಿ ತಪ್ಪುಗಳು ನುಸುಳಿದ್ದರೆ ಕೊನೆಯ ಪುಟದಲ್ಲಿ ತಪ್ಪು-ಒಪ್ಪುಗಳ ಪಟ್ಟಿಯನ್ನು ಸೇರಿಸುವುದು ವಾಡಿಕೆ. ಆ ಪಟ್ಟಿಯಿಂದ ಗ್ರಂಥದ ಉಳಿದ ಪುಟಗಳಿಗೆ ಯಾವ ಬಾಧೆಯೂ ಇಲ್ಲ. ಗಣಕಯಂತ್ರವನ್ನು ನಡೆಸುವ ತಂತ್ರಾಂಶದ ತಿದ್ದುಪಡಿ ಇಂತಹುದಲ್ಲ. ಅಲ್ಲಿ ಒಂದು ಸಾಲನ್ನು ಆಶ್ರಯಿಸಿ ಬೇರೆ ಅನೇಕ ಸಾಲುಗಳು ನಿಂತಿರುತ್ತವೆ. ಒಂದನ್ನು ಸರಿಪಡಿಸಹೋದಾಗ ಅದುವರೆಗೆ ಸರಿಯಾಗಿದ್ದ ಇನ್ನೊಂದು ಕೆಡುವ ಸಂಭವ ಸದಾ ಉಂಟು. ಆದುದರಿಂದ ಹೊಸ ಆವೃತ್ತಿಯನ್ನು ಪರೀಕ್ಷಿಸುವವರು ಹಳೆಯ ದೋಷ ಹೋಯಿತೇ ಎಂದು ಮಾತ್ರವಲ್ಲ, ಹೊಸ ದೋಷ ಹುಟ್ಟಿತೇ ಎಂದೂ ನೋಡಬೇಕಾಗುತ್ತದೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಇತಿಹಾಸದಲ್ಲಿ ಇದಕ್ಕೆ ತಕ್ಕ ನಿದರ್ಶನವೊಂದಿದೆ.

ಅಂತರಜಾಲದಲ್ಲಿ ಲೇಖನ, ದಿನಚರಿ, ಚಿತ್ರಗಳನ್ನು ಪ್ರಕಟಿಸಲು ನೆರವಾಗುವ ಈ ತಂತ್ರಾಂಶದ ಮೊದಲ ಆವೃತ್ತಿ 2003ರ ಮೇ 27ರಂದು ಹೊರಬಂದಿತು. ಬಿ2 ಎಂಬ ಹಿಂದಿನ ತಂತ್ರಾಂಶದ ತಳಹದಿಯ ಮೇಲೆ ಅಮೆರಿಕದ ಮ್ಯಾಟ್ ಮುಲೆನ್‌ವೆಗ್ ಹಾಗೂ ಇಂಗ್ಲೆಂಡಿನ ಮೈಕ್ ಲಿಟ್ಲ್ ಇದನ್ನು ರೂಪಿಸಿದರು. ಹಳೆಯ ಆವೃತ್ತಿಯನ್ನೇ ಇರಿಸಿಕೊಂಡವರ ತಾಣಗಳಿಗೆ, ಅದರ ಲೋಪವನ್ನರಿತ ದುಷ್ಕರ್ಮಿಗಳು ನುಗ್ಗುವುದು ಸುಲಭ. ತಾಣದ ಒಡೆಯರು ಉದಾಸೀನರಾಗಿದ್ದರೂ ರಕ್ಷಣೆ ತಪ್ಪದಿರಲೆಂದು, 2013ರ ಅಕ್ಟೋಬರಿನಲ್ಲಿ ಬಂದ 3.7ನೆಯ ಆವೃತ್ತಿಯಿಂದ ಸಣ್ಣ ತಿದ್ದುಪಡಿಗಳು ತಾವಾಗಿಯೇ ಸೇರಿಕೊಳ್ಳುವ ಏರ್ಪಾಡಾಯಿತು. ಉದಾಸೀನಕ್ಕೆ ಇಷ್ಟೊಂದು ಅನುಕೂಲ ಕಲ್ಪಿಸಿದ್ದು ಸರಿಯೇ ಎಂದು ಆಕ್ಷೇಪಿಸಬಹುದಾದರೂ, ಅದರಿಂದಾದ ಉಪಕಾರ ದೊಡ್ಡದು.

2018ರ ಫೆಬ್ರವರಿ 5ರಂದು 4.9.3 ಆವೃತ್ತಿ ಬಿಡುಗಡೆಯಾಯಿತು. ಅದು 34 ದೋಷಗಳನ್ನು ನಿವಾರಿಸಿತ್ತು. ಅದರಲ್ಲಿದ್ದ ಒಂದು ಬದಲಾವಣೆಯ ಉದ್ದೇಶ, ಸ್ವಯಂ ಪರಿಷ್ಕರಣದ ವೇಳೆ ಕೇಂದ್ರ ಗಣಕವನ್ನು ಪದೇ ಪದೇ ವಿಚಾರಿಸುವುದನ್ನು ತಗ್ಗಿಸುವುದು. ಆದರೆ ಆ ಕಾರ್ಯಕ್ಕೆ ಬೇಕಾದ ಪೂರಕ ಭಾಗಗಳೆಲ್ಲ ಅಣಿಯಾಗುವ ಮುನ್ನವೇ ಅದನ್ನು ಆರಂಭಿಸುವಂತೆ ಕೈತಪ್ಪಿನಿಂದ ಬರೆಯಲಾಗಿತ್ತು. ಪರಿಣಾಮವಾಗಿ ಪರಿಷ್ಕರಣದ ಕೆಲಸ ಅಲ್ಲಿಗೇ ನಿಂತುಬಿಡುತ್ತಿತ್ತು. ಪುಟಗಳು ಎಂದಿನಂತೆ ತೆರೆಯುತ್ತಿದ್ದುದರಿಂದ ನೋಡುವವರಿಗೆ ಯಾವ ಕುಂದೂ ಕಾಣಿಸದು. ಕೆಟ್ಟದ್ದು ಪರಿಹಾರ ಬರುವ ದಾರಿ ಮಾತ್ರ. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ದೋಷ ಬೆಳಕಿಗೆ ಬಂದು, ಮರುದಿನವೇ 4.9.4 ಸಿದ್ಧವಾಯಿತು. ಆದರೆ ಅದನ್ನು ತಾನಾಗಿ ಸ್ವೀಕರಿಸುವ ಶಕ್ತಿ 4.9.3ಕ್ಕೆ ಉಳಿದಿರಲಿಲ್ಲ! ತಾಣದ ಒಡೆಯರೇ ಒಳಹೊಕ್ಕು ಪರಿಷ್ಕರಣದ ಗುಂಡಿಯನ್ನು ಒತ್ತಬೇಕಾಯಿತು. ಹಾಗೆ ಮಾಡದವರ ತಾಣಗಳಿಗೆ ಮುಂದಿನ ರಕ್ಷಣಾ ತಿದ್ದುಪಡಿಗಳೂ ತಾವಾಗಿ ತಲಪುವಂತಿರಲಿಲ್ಲ. ನಡೆದ ತಪ್ಪನ್ನು ತಯಾರಕರು ಮರೆಮಾಚದೆ ವಿವರವಾಗಿ ಪ್ರಕಟಿಸಿದುದು ಶ್ಲಾಘನೀಯ.

ಹೊಸ ಆವೃತ್ತಿಯನ್ನು ಅಳವಡಿಸುವ ಮುನ್ನ ಕಡತಗಳನ್ನೂ ದತ್ತಸಂಚಯವನ್ನೂ ಪ್ರತಿ ಮಾಡಿಡುವುದು ಮೊದಲ ಕೆಲಸ. ತರುವಾಯ ತಾಣದ ನಕಲೊಂದನ್ನು ಬೇರೆಡೆ ಕಟ್ಟಿ, ಪ್ರಯೋಗವನ್ನೆಲ್ಲ ಅಲ್ಲಿ ನಡೆಸುವುದು ಕ್ಷೇಮ. ಹೊಸ ಬರಹವೊಂದನ್ನು ಸೇರಿಸಿ ನೋಡಿದರಷ್ಟೇ ಸಾಲದು. ಹತ್ತು ವರ್ಷ ಹಿಂದಿನ ಬರಹ ತೆರೆಯುವುದೇ, ಹಳೆಯ ಚಿತ್ರಗಳು ತೋರುವುವೇ, ಬೇರೆಯವರು ತಯಾರಿಸಿದ ಪೂರಕ ತಂತ್ರಾಂಶಗಳು ಇದರೊಡನೆ ಹೊಂದುವುವೇ ಎಂಬುದನ್ನೂ ಪರಿಶೀಲಿಸಬೇಕು. ಕನ್ನಡದ ತಾಣಗಳಿಗೆ ಮತ್ತೊಂದು ಪರೀಕ್ಷೆ ಅವಶ್ಯ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ‘ಕ’ ಎಂಬ ಒಂದೇ ಅಕ್ಷರಕ್ಕೆ 3 ಬೈಟ್‌ಗಳು ಬೇಕು. ‘ಕಾ’ ಎಂದಾಗ 6. ದತ್ತಸಂಚಯವು ಇವನ್ನು ಬೇರೆ ಸಂಕೇತಕ್ರಮದಲ್ಲಿ ಓದಿದರೆ ಕನ್ನಡವೆಲ್ಲ ಅರ್ಥಹೀನ ಚಿಹ್ನೆಗಳ ಸಾಲಾಗುತ್ತದೆ, ಇಂಗ್ಲಿಷ್ ಮಾತ್ರ ನೆಟ್ಟಗಿರುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಗೋಚರಿಸುವುದೇ ಇಲ್ಲ.

ದೋಷ ಕಂಡಾಗ ‘ತಾಣ ಕೆಟ್ಟಿದೆ’ ಎಂಬ ಒಂದು ಸಾಲಿನ ದೂರಿನಿಂದ ತಯಾರಕರಿಗೆ ಪ್ರಯೋಜನವಿಲ್ಲ. ಯಾವ ಆವೃತ್ತಿ, ಯಾವ ಕ್ರಮದಲ್ಲಿ ಏನೇನು ಮಾಡಲಾಯಿತು, ಏನಾಗಬೇಕಾಗಿತ್ತು, ಏನಾಯಿತು ಎಂಬುದನ್ನು ಅನುಕ್ರಮವಾಗಿ ಬರೆದು ಕಳುಹಿಸಬೇಕು. ಅದನ್ನೋದಿದ ಅಪರಿಚಿತರೊಬ್ಬರು ತಮ್ಮ ಗಣಕದಲ್ಲಿ ಅದೇ ದೋಷವನ್ನು ಮತ್ತೆ ಕಾಣುವಂತಿರಬೇಕು.