ಹಲ್ಲಿಗೆ ಅಂಟುವ ರಾಳ

ಹುಳುಕು ತಿಂದ ಹಲ್ಲಿನ ಕುಳಿಯನ್ನು ಯಾವುದಾದರೊಂದು ಗಟ್ಟಿ ಪದಾರ್ಥದಿಂದ ತುಂಬಿಬಿಟ್ಟರೆ ಕೆಲಸ ಮುಗಿಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ತುಂಬುವುದು ಸುಲಭ. ತುಂಬಿದ್ದನ್ನು ನಿಲ್ಲಿಸುವುದು ಕಷ್ಟ. ಬಾಯಿ ಸದಾ ಒದ್ದೆಯಾಗಿರುವ ಸ್ಥಳ. ಬಿಸಿ ಕಾಫಿಯೂ ತಣ್ಣನೆಯ ಮಜ್ಜಿಗೆಯೂ ಅಲ್ಲಿಗೆ ಒಂದರ ಹಿಂದೊಂದು ಬರುತ್ತವೆ. ಚಕ್ಕುಲಿಯನ್ನು ಕಡಿಯುವಾಗ ಬೀಳುವ ಒತ್ತಡವೂ ಅಲ್ಪವಲ್ಲ. ಇಂತಹ ಎಡೆಯಲ್ಲಿ ಹಲ್ಲಿನ ಬಣ್ಣದ ರಾಳವೊಂದು ವರ್ಷಗಟ್ಟಲೆ ಕದಲದೆ ನಿಲ್ಲುವುದು ಹೇಗೆ ಎಂಬುದನ್ನು ಈಗ ವಿಚಾರ ಮಾಡೋಣ.

ಹಲ್ಲಿನ ಎರಡು ಪದರಗಳು

ಹಲ್ಲಿನ ಹೊರಗವಚಕ್ಕೆ ಎನಾಮಲ್ ಎಂದು ಹೆಸರು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಇದು ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಸೂಕ್ಷ್ಮ ಹರಳುಗಳು ಕಂತೆಕಂತೆಯಾಗಿ ಒತ್ತೊತ್ತಾಗಿ ನಿಂತಿರುತ್ತವೆ. ಅದರ ಒಳಗಿರುವುದು ಡೆಂಟೀನ್. ಇದರಲ್ಲಿ ಖನಿಜ ಸುಮಾರು 70 ಪಾಲು. ಉಳಿದದ್ದು ಬಹುಮಟ್ಟಿಗೆ ಕೊಲ್ಯಾಜನ್ ಎಂಬ ನಾರು ಮತ್ತು ನೀರು. ಡೆಂಟೀನಿನಲ್ಲಿ ಸಹಸ್ರಾರು ಸಣ್ಣ ನಾಳಗಳು ಹಲ್ಲಿನ ತಿರುಳಿನಿಂದ ಹೊರಟು ಹೊರಮುಖವಾಗಿ ಸಾಗುತ್ತವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ಒಂದು ಪದರ ಕಲ್ಲಿನಂತೆ, ಇನ್ನೊಂದು ಒದ್ದೆಯ ಎಲುಬಿನಂತೆ. ಎರಡಕ್ಕೂ ಒಂದೇ ಉಪಾಯ ಸಾಲದೆಂಬುದು ಇದರಿಂದಲೇ ವಿದಿತವಾಗುತ್ತದೆ.

ಹಳೆಯ ಕ್ರಮ

ಬೆಳ್ಳಿ, ತವರ ಮೊದಲಾದವುಗಳನ್ನು ಪಾದರಸದೊಡನೆ ಕಲಸಿ ತುಂಬುತ್ತಿದ್ದ ಮಿಶ್ರಲೋಹ ಗಟ್ಟಿಯಾದದ್ದೇ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ. ಆದಕಾರಣ ಕುಳಿಯ ಬಾಯಿ ಕಿರಿದಾಗಿ ಒಡಲು ಅಗಲವಾಗಿರುವಂತೆ, ಗಡಿಗೆಯ ಆಕಾರದಲ್ಲಿ, ಹಲ್ಲನ್ನು ಕೊರೆಯಬೇಕಾಗುತ್ತಿತ್ತು. ಲೋಹಕ್ಕೆ ಸಾಕಷ್ಟು ದಪ್ಪವನ್ನೂ ಕೊಡಬೇಕು. ಇದಕ್ಕಾಗಿ ಹುಳುಕಿನ ಭಾಗದೊಡನೆ ಆರೋಗ್ಯವಾದ ಭಾಗವೂ ಹೋಗುತ್ತಿತ್ತು. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಕತ್ತರಿಸಿದ ಉಗುರು ಬೆಳೆಯುತ್ತದೆ. ಆದರೆ ಎನಾಮಲನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟಿ ಹೊರಬರುವ ವೇಳೆಗೆ ಇಲ್ಲವಾಗಿರುತ್ತವೆ. ಒಮ್ಮೆ ಕೊರೆದದ್ದು ಎಂದೆಂದಿಗೂ ಹೋದಂತೆಯೇ. ಅಂಟುವ ವಸ್ತು ದೊರೆತರೆ ಹುಳುಕನ್ನು ಮಾತ್ರ ತೆಗೆದು ಉಳಿದುದನ್ನು ಉಳಿಸಬಹುದು. ಅಂಟಿನ ಪ್ರಶ್ನೆಯ ಮಹತ್ತ್ವವೆಲ್ಲ ಇದರಲ್ಲಿಯೇ ಇದೆ.

ಆಮ್ಲದ ಉಪಾಯ

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿದ್ದ ಮೈಕೆಲ್ ಬ್ಯುನೊಕೋರ್ ಎಂಬ ದಂತವಿಜ್ಞಾನಿ ಈ ದಾರಿಯನ್ನು 1955ರಲ್ಲಿ ತೋರಿಸಿಕೊಟ್ಟನು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಬಳಸುತ್ತಿದ್ದುದನ್ನು ಅವನು ಬಲ್ಲವನಾಗಿದ್ದನು. ನೂರಕ್ಕೆ 85 ಪಾಲಿನ ಅದೇ ಆಮ್ಲವನ್ನು ಹಲ್ಲಿನ ಮೇಲ್ಮೈಗೆ 30 ಸೆಕೆಂಡು ಸೋಕಿಸಿ, ತೊಳೆದು, ಅಕ್ರಿಲಿಕ್ ರಾಳದ ತೊಟ್ಟುಗಳನ್ನು ಇರಿಸಿ ನೋಡಿದನು. ಆಮ್ಲ ಸೋಂಕದ ಹಲ್ಲುಗಳಿಂದ ತೊಟ್ಟುಗಳು ಬೇಗನೆ ಕಳಚಿದವು. ಸೋಂಕಿದ ಹಲ್ಲುಗಳ ಮೇಲೆ ವಾರಗಟ್ಟಲೆ ಉಳಿದವು.

ಇದರ ಕಾರಣ ಸರಳವಾದದ್ದು. ನುಣುಪಾದ ಗೋಡೆಗೆ ಗಾರೆ ಹಿಡಿಯದು. ಅದಕ್ಕೆಂದೇ ಗಾರೆಯವನು ಮೊದಲು ಗೋಡೆಯನ್ನು ಉಳಿಯಿಂದ ಕಚ್ಚುಮಾಡಿಕೊಳ್ಳುತ್ತಾನೆ. ಇಲ್ಲಿ ಉಳಿಯ ಕೆಲಸವನ್ನು ಆಮ್ಲ ಮಾಡುತ್ತದೆ. ಹರಳಿನ ಕಂತೆಗಳು ಎಲ್ಲೆಡೆಯೂ ಒಂದೇ ಸಮನಾಗಿ ಕರಗದೆ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಏಳುತ್ತವೆ. ಹೊಳಪು ಮಾಯವಾಗಿ ಮೇಲ್ಮೈ ಸುಣ್ಣ ಬಳಿದಂತೆ ಮಂಕಾಗುತ್ತದೆ. ಮೊದಲು ಕೆಸುವಿನ ಎಲೆಯ ಮೇಲಿನ ನೀರಿನಂತೆ ಹಿಂಜರಿಯುತ್ತಿದ್ದ ರಾಳ ಈಗ ಹರಡಿಕೊಂಡು ರಂಧ್ರಗಳಿಗಿಳಿದು, ಅಲ್ಲಿಯೇ ಗಟ್ಟಿಯಾಗಿ ಬೇರೂರುತ್ತದೆ. ಇಂದು ಸುಮಾರು 37 ಪಾಲಿನ ಆಮ್ಲವೇ ಸಾಕಾಗಿದೆ.

ರಾಳದ ಕೂಟ

ಅಂಟಿದ ಮಾತ್ರಕ್ಕೆ ರಾಳ ಗಟ್ಟಿಯಾದುದೆಂದು ಹೇಳಲಾಗದು. ಅಣುಗಳು ಸರಪಳಿಯಂತೆ ಕೂಡಿಕೊಳ್ಳುವಾಗ ಹತ್ತಿರಹತ್ತಿರ ಸರಿಯುವುದರಿಂದ ರಾಳ ಕುಗ್ಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಫಾಯೆಲ್ ಬೋವೆನ್ ಎಂಬವನು ಬಿಸ್-ಜಿಎಂಎ ಎಂಬ ದೊಡ್ಡ ಅಣುವನ್ನು ರಚಿಸಿ 1962ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅದರಲ್ಲಿ ಸಿಲಿಕದ ನುಣ್ಣನೆಯ ಪುಡಿಯನ್ನು ಬೆರೆಸಿ, ಪುಡಿಗೂ ರಾಳಕ್ಕೂ ನಂಟು ಬೆಸೆಯಲು ಸಿಲೇನ್ ಎಂಬ ಸಂಯುಕ್ತವನ್ನು ಬಳಸಿದನು. ಮರಳೂ ಜಲ್ಲಿಯೂ ಸೇರಿದ ಕಾಂಕ್ರೀಟಿನಂತೆ ಇದೂ ಒಂದು ಕೂಟ. ಕಾಂಪೋಸಿಟ್ ಎಂಬ ಹೆಸರಿಗೂ ಅದೇ ಅರ್ಥ. ಆದರೂ ನೂರಕ್ಕೆ ಎರಡು ಮೂರು ಪಾಲಿನಷ್ಟು ಕುಗ್ಗುವಿಕೆ ಉಳಿದೇ ಇದೆ. ಆ ಸೆಳೆತಕ್ಕೆ ಅಂಚು ಬಿಟ್ಟುಕೊಟ್ಟರೆ ಸಂದಿನಲ್ಲಿ ಮತ್ತೆ ಹುಳುಕು ಹಿಡಿಯುತ್ತದೆ. ಆದುದರಿಂದಲೇ ವೈದ್ಯರು ಸಾಮಾನ್ಯವಾಗಿ ಸುಮಾರು 2 ಮಿಲಿಮೀಟರಿನ ತೆಳುಪದರವನ್ನು ಹಾಕಿ, ನೀಲಿ ಬೆಳಕು ಬಿಟ್ಟು ಗಟ್ಟಿಮಾಡಿ, ಆಮೇಲೆ ಮುಂದಿನ ಪದರಕ್ಕೆ ಕೈಹಾಕುತ್ತಾರೆ. ಬೆಳಕು ಇದಕ್ಕಿಂತ ಆಳಕ್ಕೆ ಸಾಕಷ್ಟು ಇಳಿಯದೆಂಬುದೂ ಇನ್ನೊಂದು ಕಾರಣ.

ಒದ್ದೆಯ ಪದರದ ತೊಡಕು

ಡೆಂಟೀನಿನ ಸಂಗತಿ ಬೇರೆ. ಅಲ್ಲಿ ಆಮ್ಲ ಖನಿಜವನ್ನು ಕರಗಿಸಿದಾಗ ಕೊಲ್ಯಾಜನ್ನಿನ ನಾರುಗಳು ಬಲೆಯಂತೆ ಉಳಿಯುತ್ತವೆ. ಬಲೆಯನ್ನು ಎತ್ತಿಹಿಡಿದಿರುವುದು ನೀರೇ. ಎನಾಮಲಿನಂತೆ ಇದನ್ನೂ ಪೂರ್ತಿ ಒಣಗಿಸಿದರೆ ಬಲೆ ಬಾಡಿದ ಸೊಪ್ಪಿನಂತೆ ಕುಸಿದು ರಾಳಕ್ಕೆ ದಾರಿ ಮುಚ್ಚುತ್ತದೆ. ಹೀಗಿರಲು ತೇವವನ್ನು ಕೊಂಚ ಉಳಿಸಿಕೊಂಡು, ಒಂದು ತುದಿ ನೀರಿಗೂ ಇನ್ನೊಂದು ತುದಿ ರಾಳಕ್ಕೂ ಒಲಿಯುವ ಅಣುಗಳನ್ನು ಮೊದಲು ಸವರಬೇಕಾಗುತ್ತದೆ. ಜಪಾನಿನ ನೊಬುವೊ ನಕಬಯಾಶಿ 1982ರಲ್ಲಿ ತನ್ನ ಸಂಗಡಿಗರೊಡನೆ, ನಾರೂ ರಾಳವೂ ಹೆಣೆದುಕೊಂಡ ಮಿಶ್ರಪದರವೊಂದು ಇಲ್ಲಿ ಉಂಟಾಗುವುದನ್ನು ವಿವರಿಸಿದನು. ಕೆಲವೇ ಮೈಕ್ರಾನ್ ದಪ್ಪದ ಈ ಪದರ ಅರ್ಧ ಹಲ್ಲು, ಅರ್ಧ ರಾಳ. ಎನಾಮಲಿನ ಬೆಸುಗೆಯಷ್ಟು ಇದು ಬಾಳಿಕೆಯದಲ್ಲ; ರಾಳ ತಲುಪದ ನಾರುಗಳನ್ನು ಡೆಂಟೀನಿನಲ್ಲಿಯೇ ಇರುವ ಕಿಣ್ವಗಳು ಕಾಲಕ್ರಮದಲ್ಲಿ ಸವೆಸುತ್ತವೆ.

ಆಮ್ಲ ಸೋಂಕಿದ ಮೇಲ್ಮೈಗೆ ಎಂಜಲು ತಗಲಿದರೆ ಅದರ ಸಸಾರಜನಕ ರಂಧ್ರಗಳನ್ನು ತುಂಬಿ ಕೆಲಸವನ್ನೆಲ್ಲ ಕೆಡಿಸುತ್ತದೆ. ಬಾಯಲ್ಲಿ ಹತ್ತಿಯಿಟ್ಟು, ನಾಲಗೆಯನ್ನು ಅಲುಗಿಸಬೇಡಿರೆಂದು ವೈದ್ಯರು ಪದೇಪದೇ ಹೇಳುವಾಗ ನಾವು ಬೇಸರಪಡಬಾರದು. ಆ ಕೆಲವು ನಿಮಿಷಗಳ ತಾಳ್ಮೆಯಿಂದ ಉಳಿಯುವುದು ಮತ್ತೆ ಬೆಳೆಯಲಾರದ ನಮ್ಮದೇ ಹಲ್ಲು.