ಹೆಬ್ಬೆಟ್ಟಿನವರ ಬುದ್ಧಿ



ಗದಗಿನಿಂದ ಹೊಂಬಳಕ್ಕೆ ಹೋಗುವಾಗ ದಾರಿಯ ಎರಡೂ ಬದಿಗೆ ಎರೆಹೊಲಗಳು. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ, ಕುಸುಬೆ ಬೆಳೆಯುವ ಭೂಮಿ ಅದು. ಸುಗ್ಗಿ ಮುಗಿಯುತ್ತ ಬಂದಿದ್ದ ಒಂದು ದಿನ ಆ ಊರಿನಲ್ಲಿ ನನಗೆ ಪರಿಚಯವಿದ್ದ ಮನೆಯೊಂದಕ್ಕೆ ಹೋಗಿದ್ದೆ. ಅಂಗಳದಲ್ಲಿ ಕಡಲೆ ಚೀಲಗಳ ತೂಕ ನಡೆದಿತ್ತು. ಕೊಳ್ಳಲು ಬಂದವರು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತಿದ್ದರು. ಕಟ್ಟೆಯ ಮೇಲೆ ಕುಳಿತಿದ್ದ ಆ ಮನೆಯ ತಾಯಿ, ಅರವತ್ತು ದಾಟಿದವರು, ಅವರಿಗಿಂತ ಮೊದಲೇ ಹೇಳಿಬಿಟ್ಟರು: “ಹನ್ನೊಂದು ಕ್ವಿಂಟಲ್ ನಲವತ್ತು ಕಿಲೋ. ಐದು ಸಾವಿರದ ಮುನ್ನೂರರಂಗ ಅರವತ್ತು ಸಾವಿರದ ನಾಕುನೂರಾ ಇಪ್ಪತ್ತು ಆಕ್ಕತಿ. ಹಮಾಲಿ ನಿಮ್ಮದು.” ಕ್ಯಾಲ್ಕುಲೇಟರ್ ಕೂಡ ಅದನ್ನೇ ತೋರಿಸಿತು. ಸೆಮಿನರಿಯಲ್ಲಿ ಮೂರು ವರ್ಷ ತತ್ವಶಾಸ್ತ್ರ ಓದಿದ ನಾನು ಅಷ್ಟು ಹೊತ್ತಿಗೆ ನಲವತ್ತು ಕಿಲೋದ ಲೆಕ್ಕದಲ್ಲಿಯೇ ಇದ್ದೆ!

ಆಮೇಲೆ ಅವರು ಒಂದು ಚೀಟಿಯನ್ನು ಮುಂದೆ ಹಿಡಿದು “ಅಮ್ಮಾರ, ಇಲ್ಲೊಂದು ಸಹಿ” ಎಂದರು. ಅಷ್ಟು ಗಟ್ಟಿ ದನಿಯಲ್ಲಿ ಲೆಕ್ಕ ಹೇಳಿದ ಆ ತಾಯಿಯ ಮುಖ ಸಣ್ಣದಾಯಿತು. ಎಡಗೈ ಹೆಬ್ಬೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಎಲ್ಲರೂ ಹೋದ ಮೇಲೆ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಲಕೋಟೆಯನ್ನು ತಂದು ನನ್ನ ಕೈಗಿತ್ತರು. “ಫಾದರ್, ಇದರಾಗ ಏನೈತಿ ನೋಡ್ರಿ.” ಅದು ಒಂದು ನೋಟಿಸು. ಹಿಂದೊಮ್ಮೆ ದೂರದ ಸಂಬಂಧಿಕರೊಬ್ಬರು “ಗುರುತಿಗೆ ಒಂದು ಹೆಬ್ಬೆಟ್ಟು ಒತ್ತು ಚಿಗವ್ವಾ” ಎಂದಾಗ ಇವರು ಒತ್ತಿದ್ದರಂತೆ. ಒತ್ತಿದ್ದು ಗುರುತಿಗಲ್ಲ, ಸಾಲದ ಜಾಮೀನಿಗೆ. ಸಾಲಗಾರರು ಕಟ್ಟಲಿಲ್ಲ, ಈಗ ಜಾಮೀನುದಾರರು ಕಟ್ಟಬೇಕು, ತಕರಾರಿದ್ದರೆ ಮೂವತ್ತು ದಿನಗಳೊಳಗೆ ತಿಳಿಸಬೇಕು. ಕಾಗದ ಬಂದು ನಾಲ್ಕು ತಿಂಗಳಾಗಿತ್ತು.

“ಮನ್ಯಾಗ ಮಗ ಇದ್ದಾನಲ್ಲವ್ವಾ, ಕಾಲೇಜು ಓದಿದಾಂವ. ಅವನಿಗೆ ಯಾಕ ತೋರಸಲಿಲ್ಲ?” ಎಂದು ಕೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನರ ಕೇಳಿದ್ರ ‘ನಿನಗೇನ್ ತಿಳೀತೈತಿ, ಸುಮ್ನಿರು’ ಅಂತಾನ್ರಿ. ಅದನ್ನ ಕೇಳೂದು ಬ್ಯಾಡ ಅಂತ ಇಟ್ಟಿದ್ದೆ” ಎಂದರು.

ಪ್ರಿಯರೇ, ಈ ಮಾತನ್ನು ಕೇಳಿ ಬಂದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ಆ ತಾಯಿಗೆ ನಷ್ಟ ಮಾಡಿದ್ದು ಅಕ್ಷರ ಬಾರದಿರುವುದೋ, ಅಥವಾ ಅಕ್ಷರ ಬಾರದೆಂಬ ನಾಚಿಕೆಯೋ? ಆ ನಾಚಿಕೆಯನ್ನು ಆಕೆಯ ಎದೆಯಲ್ಲಿ ಬಿತ್ತಿದವರು ಯಾರು?

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತು ಸುಳ್ಳಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿ ಸಾಕ್ಷಿಗಳು ಬೇಕಾದಷ್ಟಿವೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಗಂಡನೊಂದಿಗೆ ಬಿಂದಿಗೆಯಲ್ಲಿ ನೀರು ಹೊತ್ತು ರಸ್ತೆಯ ಬದಿಗೆ 385 ಆಲದ ಮರಗಳನ್ನು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಓದು ಬರಹ ಕಲಿಯಲಿಲ್ಲ. ಒಂದು ಪೈಸೆಯನ್ನೂ ಪಡೆಯದೆ ಸುಮಾರು 15,000 ಹೆರಿಗೆ ಮಾಡಿಸಿದವರೆಂದು ನಾಡು ಅವರನ್ನು ಗೌರವಿಸಿತು. ಅವರು ಕಣ್ಣು ಮುಚ್ಚಿದ್ದು 2018ರ ಕ್ರಿಸ್ತಜಯಂತಿಯ ದಿನ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು ಅಕ್ಷರ ಅರಿಯದೆಯೇ ರಾತ್ರಿಗಟ್ಟಲೆ ಹಾಡುವ ಉದ್ದುದ್ದ ಬುರ್ರಕಥೆಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಪುಸ್ತಕ ಕಳೆದುಹೋದರೆ ನಮ್ಮಂಥವರ ವಿದ್ಯೆಯೂ ಕಳೆದುಹೋಗುತ್ತದೆ. ಅವರದು ಹಾಗಲ್ಲ.

ನಮ್ಮ ಗದಗಿನ ಮಾತನ್ನೇ ಹೇಳುವುದಾದರೆ, ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು ಎಳೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡರು. ಎಲ್ಲ ಮಕ್ಕಳಂತೆ ಪಾಟಿ ಹಿಡಿದು ಶಾಲೆಗೆ ಹೋಗುವ ಭಾಗ್ಯ ಅವರಿಗೆ ಎಲ್ಲಿಯದು? ಗುರುಗಳಾದ ಪಂಚಾಕ್ಷರಿ ಗವಾಯಿಗಳ ಬಳಿ ಕುಳಿತು ಕಿವಿಯಿಂದ ಕಲಿತರು. ಸಂಗೀತವೊಂದೇ ಅಲ್ಲ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕೃತಿ ರಚಿಸುವಷ್ಟು ಕಲಿತರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಗದಗಿನಲ್ಲಿ ಜನಸಾಗರವೇ ಸೇರಿತ್ತು. ಕಣ್ಣಿಗೆ ಅಕ್ಷರ ಕಾಣದ ಅವರು ಬ್ರೈಲ್ ಲಿಪಿಯನ್ನು ಬೆರಳಿನಿಂದ ತಮ್ಮದಾಗಿಸಿಕೊಂಡರು ಎಂಬುದನ್ನು ಮಾತ್ರ ಮರೆಯಬಾರದು. ಕಿವಿಯೊಂದೇ ಸಾಕೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ.

ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಇಂಥ ದೊಡ್ಡವರ ಹೆಸರು ಹೇಳಿ, “ನೋಡಿ, ಓದದಿದ್ದರೂ ಜೀವನದಲ್ಲಿ ಗೆಲ್ಲಬಹುದು” ಎಂದು ಮಾತು ಮುಗಿಸುವುದು ಬಹಳ ಸುಲಭ. ನಾನೂ ಪ್ರಸಂಗಗಳಲ್ಲಿ ಹಾಗೆ ಹೇಳಿದವನೇ. ಆದರೆ ಓದದೆ ಗೆದ್ದವರು ಏನು ಹೇಳುತ್ತಾರೆ, ಏನು ಮಾಡುತ್ತಾರೆ ಎಂದು ನಾವು ನೋಡಿದ್ದೇವೆಯೇ?

ಮಂಗಳೂರಿನ ಹತ್ತಿರದ ಹರೇಕಳ ಎಂಬ ಊರಿನ ಹಾಜಬ್ಬ ಎಂಬುವರ ಹೆಸರನ್ನು ತಾವು ಕೇಳಿರಬಹುದು. ಮಂಗಳೂರು ಪೇಟೆಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ವಿದೇಶೀಯರು ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಅವರು ಕೊಳ್ಳದೆ ಹೊರಟುಹೋದರು. ನಮ್ಮಲ್ಲಿ ಯಾರಾದರೂ ಆಗಿದ್ದರೆ ಒಂದು ವ್ಯಾಪಾರ ಕೆಟ್ಟಿತೆಂದು ಸುಮ್ಮನಾಗುತ್ತಿದ್ದೆವು. ಹಾಜಬ್ಬರು ಸುಮ್ಮನಾಗಲಿಲ್ಲ. ತಮ್ಮೂರಿನ ನ್ಯೂಪಡ್ಪಿನಲ್ಲಿ ಶಾಲೆ ಇರಲಿಲ್ಲ. ಅಲ್ಲಿಯ ಮಕ್ಕಳಿಗೆ ತಮ್ಮ ಗತಿ ಬರಬಾರದೆಂದು ನಿಶ್ಚಯಿಸಿದರು. ಕಿತ್ತಳೆ ಮಾರಿದ ದುಡ್ಡಿನಲ್ಲಿ ಉಳಿಸಿದರು; ಕಚೇರಿಗಳಿಗೆ ಅಲೆದರು; ತಾವೇ ಓದಲಾರದ ಅರ್ಜಿಗಳನ್ನು ಬೇರೆಯವರಿಂದ ಬರೆಸಿದರು. 2000ರ ಸುಮಾರಿಗೆ 28 ಮಕ್ಕಳಿಂದ ಆರಂಭವಾದ ಆ ಶಾಲೆ ಬೆಳೆಯಿತು. ತಮಗೆ ಬಂದ ಬಹುಮಾನದ ಹಣವನ್ನೂ ಅದಕ್ಕೇ ಸುರಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದುಹೋಗಿ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು.

ಗಮನಿಸಿದಿರಾ? ಅಕ್ಷರವಿಲ್ಲದೆ ಗೆದ್ದ ಈ ಮನುಷ್ಯ ತನ್ನ ಗೆಲುವನ್ನೆಲ್ಲ ಅಕ್ಷರಕ್ಕಾಗಿಯೇ ಖರ್ಚು ಮಾಡಿದರು. ಶಾಲೆಯಿಲ್ಲದೆಯೂ ಬದುಕಬಹುದು ಎಂಬುದಕ್ಕೆ ಅವರೇ ಉದಾಹರಣೆಯಾಗಿದ್ದರೂ, ಶಾಲೆ ಬೇಡ ಎಂದು ಅವರು ಯಾರಿಗೂ ಹೇಳಲಿಲ್ಲ. ಅಕ್ಷರ ಬೇಡವೆಂಬ ಮಾತು ಸಾಮಾನ್ಯವಾಗಿ ಅದು ಇದ್ದವರ ಬಾಯಿಂದಲೇ ಬರುತ್ತದೆ.

ಪವಿತ್ರ ಗ್ರಂಥದಲ್ಲಿಯೂ ಹೀಗೆಯೇ ಇದೆ. ಪೇತ್ರ ಮತ್ತು ಯೊವಾನ್ನರು ನ್ಯಾಯಸಭೆಯ ಮುಂದೆ ಧೈರ್ಯದಿಂದ ಮಾತನಾಡಿದಾಗ, ಶಾಸ್ತ್ರ ಓದದ ಸಾಮಾನ್ಯರಿಗೆ ಇಷ್ಟು ಮಾತು ಎಲ್ಲಿಂದ ಬಂತೆಂದು ದೊಡ್ಡವರೆಲ್ಲ ಬೆರಗಾದರೆಂದು ಪ್ರೇಷಿತರ ಕಾರ್ಯಕಲಾಪಗಳ ನಾಲ್ಕನೆಯ ಅಧ್ಯಾಯದಲ್ಲಿ ಓದುತ್ತೇವೆ. ಬೆಸ್ತರಿಗೆ ಬುದ್ಧಿಯಿಲ್ಲವೆಂದು ಆ ಸಭೆ ಮೊದಲೇ ತೀರ್ಮಾನಿಸಿಕೊಂಡಿತ್ತು. ಇನ್ನೊಂದೆಡೆ, ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ನೋಡಿ. ಎಜ್ರನು ಚೌಕದಲ್ಲಿ ನಿಂತು ಧರ್ಮಶಾಸ್ತ್ರವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಗಟ್ಟಿಯಾಗಿ ಓದುತ್ತಾನೆ. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳುತ್ತಾರೆ. ಕೇಳಿದ ಜನ ಅಳುತ್ತಾರೆ. ಓದಬಲ್ಲವರು ಓದಲಾರದವರಿಗೆ ಸಲ್ಲಿಸಬೇಕಾದ ಸೇವೆ ಅದು. “ನಿಮಗೇನು ತಿಳಿಯುತ್ತದೆ” ಎಂದು ಅಲ್ಲಿ ಯಾರೂ ಗದರಲಿಲ್ಲ.

ಲೂರ್ದಿನ ಸಂತ ಬರ್ನದೆತ್ ನಮಗೆಲ್ಲ ಪ್ರಿಯಳು. 1858ರಲ್ಲಿ ಮಾತೆ ಮರಿಯಮ್ಮನವರ ದರ್ಶನವಾದಾಗ ಆಕೆಗೆ ಹದಿನಾಲ್ಕು ವರ್ಷ. ಓದು ಬರಹ ಬರುತ್ತಿರಲಿಲ್ಲ. ಮಾತೆ ಹೇಳಿದ ಹೆಸರಿನ ಅರ್ಥ ತಿಳಿಯದ್ದರಿಂದ, ಮರೆತೇನೆಂಬ ಭಯದಲ್ಲಿ ಅದನ್ನೇ ದಾರಿಯುದ್ದಕ್ಕೂ ಉಚ್ಚರಿಸುತ್ತ ಧರ್ಮಕೇಂದ್ರದ ಗುರುಗಳ ಮನೆಗೆ ಹೋದಳಂತೆ. ಆ ಮೇಲೆ ಏನಾಯಿತು? ಇಷ್ಟು ದೊಡ್ಡ ಕೃಪೆ ಪಡೆದವಳಿಗೆ ಅಕ್ಷರವೇಕೆ ಎಂದು ಯಾರೂ ಬಿಡಲಿಲ್ಲ. ಕನ್ಯಾಸ್ತ್ರೀಯರು ಆಕೆಯನ್ನು ತಮ್ಮ ಶಾಲೆಯಲ್ಲಿ ಕೂರಿಸಿ ಓದು ಬರಹ ಕಲಿಸಿದರು.

ಈಗ ಹೊಂಬಳದ ತಾಯಿಯ ಕಡೆಗೆ ಮರಳೋಣ. ಆಕೆಯ ಹರೆಯದಲ್ಲಿ ಅಕ್ಷರ ಕಲಿಸುವವರು ಯಾರೂ ಬರಲಿಲ್ಲವೇ? ಬಂದಿದ್ದರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು; ತೊಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಯಲ್ಲಿ ರಾತ್ರಿ ಶಾಲೆ, ಜಾಥಾ, ಬೀದಿ ನಾಟಕ ನಡೆದವು. “ನಾಕು ದಿನ ಹೋಗಿದ್ದೆರಿ. ಹೆಸರು ಬರಿಯೂದು ಕಲಿಸಿದ್ರು. ರೊಟ್ಟಿ ಬಡಿಯೂ ಹೊತ್ತಿಗೆ ಶಾಲಿ ಇಟ್ರ ಹೆಂಗ ಹೋಗೂದು?” ಎಂದರು ಆಕೆ. ಕಲಿತ ಹೆಸರೂ ಮರೆತುಹೋಯಿತು. ಸಹಿ ಹಾಕಲು ಕಲಿತವರೆಲ್ಲ ಸಾಕ್ಷರರೆಂದು ಲೆಕ್ಕ ಹಿಡಿಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಓದಲು ಬಾರದೆ ಸಹಿ ಮಾತ್ರ ಬಂದರೆ ಹೆಬ್ಬೆಟ್ಟಿಗಿಂತ ಅಪಾಯ ಹೆಚ್ಚು. ಕಾಗದ ಓದಿಯೇ ಒಪ್ಪಿಕೊಂಡಿದ್ದಾರೆಂದು ಎಲ್ಲರೂ ತಿಳಿಯುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಏಳು ವರ್ಷ ಮೇಲ್ಪಟ್ಟ ಸ್ತ್ರೀಯರಲ್ಲಿ ಶೇಕಡಾ 68ರಷ್ಟು ಮಾತ್ರ ಸಾಕ್ಷರರು. ಆಗ ಓದಲಾರದೆ ಉಳಿದವರಲ್ಲಿ ಎಷ್ಟೋ ಮಂದಿ ಇಂದು ನಮ್ಮ ಮನೆಗಳ ಅಜ್ಜಿಯರು, ಅತ್ತೆಯರು.

ಹೊಂಬಳದಂತೆಯೇ ಗದಗ ತಾಲ್ಲೂಕಿಗೆ ಸೇರಿದ ಊರು ಕಣಗಿನಹಾಳ. ಅಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ರೈತರನ್ನು ಸಾವುಕಾರರ ಬಡ್ಡಿಯಿಂದ ಬಿಡಿಸುವುದು ಅದರ ಉದ್ದೇಶವಾಗಿತ್ತು. ನನಗನ್ನಿಸುವಂತೆ, ಸಾವುಕಾರನ ಬಲ ಅವನ ಪೆಟ್ಟಿಗೆಯಲ್ಲಿದ್ದಷ್ಟೇ ಅವನ ಕಿರ್ದಿ ಪುಸ್ತಕದಲ್ಲಿಯೂ ಇತ್ತು: ಅವನೊಬ್ಬನೇ ಓದಬಲ್ಲ ಪುಸ್ತಕ. ಸಂಘದ ಪುಸ್ತಕವಾದರೋ ಎಲ್ಲರ ಮುಂದೆ ತೆರೆದು ಓದುವಂಥದ್ದು.

ಹಾಗಾದರೆ ಮನೆಯಲ್ಲಿ ನಾವೇನು ಮಾಡಬಹುದು? ಮೊದಲನೆಯದಾಗಿ, ಬಂದ ಕಾಗದವನ್ನು ಅವರ ಎದುರಿಗೇ ಓದಿ. ವಿದ್ಯುತ್ ಬಿಲ್ಲಾಗಲಿ, ಮಾತ್ರೆಯ ಚೀಟಿಯಾಗಲಿ, ಕೇಳುವ ಮೊದಲೇ ಓದಿ ಹೇಳಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ಅವರಿಗೆ ಧೈರ್ಯ ಕೊಡಿ. ಕೇಳಿದವರು ಮಗನೇ ಆಗಿದ್ದರೂ ಸರಿ. ವಯಸ್ಸಾಯಿತು, ಇನ್ನೇನು ಕಲಿಯುತ್ತಾರೆ ಎನ್ನಬೇಡಿ. ಹಿಂದಿನ ಮಿಷನ್ 15ರಿಂದ 35 ವಯಸ್ಸಿನವರನ್ನೇ ಮುಖ್ಯವಾಗಿ ಗಮನಿಸಿತ್ತು. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮದಲ್ಲಿ 15 ದಾಟಿದ ಎಲ್ಲರಿಗೂ ಅವಕಾಶವಿದೆ, ಕಲಿಸುವವರು ಸ್ವಯಂಸೇವಕರು.

ಕಲಿಸುವಾಗ ಒಂದು ಮಾತು ನೆನಪಿರಲಿ. ಅ ಆ ಇ ಈ ಎಂದು ಐವತ್ತು ಅಕ್ಷರಗಳನ್ನು ಒಟ್ಟಿಗೆ ಮುಂದಿಟ್ಟರೆ ದುಡಿದು ದಣಿದವರು ಮೂರನೆಯ ದಿನವೇ ಏಳುತ್ತಾರೆ. ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಆರಂಭಿಸುತ್ತಾರಲ್ಲ, ಅದೇ ದೊಡ್ಡವರಿಗೂ ಒಳ್ಳೆಯದು. ಆ ಐದರಲ್ಲಿ ‘ಸರ’ ಇದೆ, ‘ಅರಸ’ ಇದೆ. ಕಡಲೆ ಮಾರುವವರಿಗೆ ಬೇಕಾದ ‘ದರ’ ಇದೆ. ನಮ್ಮ ಕಡೆಯವರ ಭಾಗ್ಯಕ್ಕೆ ‘ಗದಗ’ವೂ ಇದೆ. ಕೊಂಬಿಲ್ಲ, ಒತ್ತಿಲ್ಲ, ಸೊನ್ನೆಯಿಲ್ಲ.

ಇದನ್ನು ಹೊಂಬಳದ ಆ ಮನೆಯಲ್ಲಿಯೂ ಹೇಳಿದ್ದೆ. ಜಾಮೀನಿನ ವಿಷಯ ಇನ್ನೂ ಬಗೆಹರಿದಿಲ್ಲ; ಕಂತಿನಲ್ಲಿ ಕಟ್ಟುವ ಮಾತು ನಡೆದಿದೆ. ಮಗನಿಗೆ ನಾನು ಸ್ವಲ್ಪ ಬಿರುಸಾಗಿಯೇ ಮಾತನಾಡಿದೆ. ಆತ ತಲೆ ತಗ್ಗಿಸಿದ, ಉತ್ತರ ಕೊಡಲಿಲ್ಲ. ಆದರೆ ಏಳನೆಯ ತರಗತಿಯ ಮೊಮ್ಮಗಳು ರಜೆಗೆ ಬಂದಾಗ ಪಾಟಿ ಹಿಡಿದು ಅಜ್ಜಿಯ ಪಕ್ಕದಲ್ಲಿ ಕುಳಿತಳು. ರೊಟ್ಟಿ ಬಡಿದಾದ ಮೇಲೆ, ಅರ್ಧ ತಾಸು.

ಕಳೆದ ತಿಂಗಳು ಆ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆಕೆಯೂ ಪೇಟೆಗೆ ಹೊರಟು ನಿಂತಿದ್ದರು. ಬಸ್ಸು ದೂರದಲ್ಲಿ ಕಾಣಿಸಿತು. ಆಕೆ ಕಣ್ಣು ಕಿರಿದು ಮಾಡಿ ಹಣೆಗೆ ಕೈ ಹಚ್ಚಿ ನೋಡಿದರು. ತುಟಿ ಅಲುಗಿತು. ಆಮೇಲೆ ನನ್ನ ಕಡೆ ತಿರುಗಿ, “ಫಾದರ್, ಈ ಕಡಿಂದ ಓದಿದ್ರೂ ಗದಗ, ಆ ಕಡಿಂದ ಓದಿದ್ರೂ ಗದಗ ಅಲ್ರೀ?” ಎಂದರು.

ಇಷ್ಟು ವರ್ಷ ಆ ಬೋರ್ಡು ನೋಡಿದ ನನಗೆ ಅದು ಹೊಳೆದಿರಲಿಲ್ಲ.